ಹಳೆ ಟ್ರ್ಯಾಕ್ಟರಿಗೆ ಯಾವ ಆಯಿಲ್?

(ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಹೋದ ವಾರ ನಾವು ರೇಷನ್ ಕಾರ್ಡು ಓದಿದೆವು. ಅದರ ಹಿಂದಿನ ವಾರ ಬಸ್ಸಿನ ಬೋರ್ಡು ಓದಿದೆವು. ಇವತ್ತು ಒಂದು ಡಬ್ಬಿ ತಂದಿದ್ದೇವೆ. ನೋಡ್ರಿ, ಇಲ್ಲಿ ಮೇಜಿನ ಮೇಲೆ ಇದೆ. ಟ್ರ್ಯಾಕ್ಟರಿನ ಇಂಜಿನ್ನಿಗೆ ಹಾಕುವ ಆಯಿಲ್ ಡಬ್ಬಿ ಇದು. ಖಾಲಿ ಡಬ್ಬಿ.

ಹಿಂದೆ ಕುಳಿತವರು ನಗಾಕತ್ತೀರಿ. "ಅಕ್ಕೋರ, ಇದು ಗಂಡಸರ ಕೆಲಸ, ನಮಗ್ಯಾಕ?" ಅಂತ ನಿಮ್ಮ ಮನಸ್ಸಿನಲ್ಲಿದೆ. ನಾವೂ ಹಾಗೇ ಅಂದುಕೊಂಡಿದ್ದೆವು. ಅದಕ್ಕೆ ಎಷ್ಟು ದಂಡ ತೆತ್ತೆವು ಎಂಬುದನ್ನು ಮೊದಲು ಹೇಳುತ್ತೇವೆ. ಆಮೇಲೆ ಡಬ್ಬಿ ಓದೋಣ.

ನಮ್ಮ ಕಡೆ ಟ್ರ್ಯಾಕ್ಟರ್ ಇಲ್ಲದ ಊರಿಲ್ಲ. 1989ರಲ್ಲಿ ಚಿಕ್ಕಪಡಸಲಗಿ ಹತ್ತಿರ ರೈತರೇ ದುಡ್ಡು ಕೂಡಿಸಿ, ತಾವೇ ದುಡಿದು, ಕೃಷ್ಣಾ ನದಿಗೆ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರ ಅಂತ ಹೆಸರು. ಅದನ್ನು ನೋಡಿದವರು ನಿಮ್ಮಲ್ಲಿ ಇದ್ದೀರಿ. ಕಲ್ಲು ಹೊತ್ತವರ ಮನೆಯವರೂ ಇರಬಹುದು. ನೀರು ನಿಂತಿತು. ಕಬ್ಬು ಹೆಚ್ಚಿತು. ಕಬ್ಬು ಸಾಗಿಸಲು ಟ್ರ್ಯಾಕ್ಟರ್ ಬಂದವು. ಹಂಗಾಮು ಶುರುವಾದರೆ ಸಮೀರವಾಡಿ, ಮುಧೋಳ, ಸಿದ್ದಾಪುರದ ದಾರಿಯಲ್ಲಿ ರಾತ್ರಿಯೆಲ್ಲ ಸಾಲು ಸಾಲು ಟ್ರ್ಯಾಕ್ಟರ್. ಹಿಂದೆ ಎರಡೆರಡು ಟ್ರೇಲರ್.

ಅವೆಲ್ಲ ಹೊಸ ಟ್ರ್ಯಾಕ್ಟರ್ ಅಲ್ಲ. ಇಪ್ಪತ್ತು ವರ್ಷದ್ದು, ಇಪ್ಪತ್ತೈದು ವರ್ಷದ್ದು ಬಹಳ ಇವೆ. ಒಬ್ಬರು ಮಾರಿದ್ದನ್ನು ಇನ್ನೊಬ್ಬರು ಕೊಂಡು, ಅವರಿಂದ ಮತ್ತೊಬ್ಬರ ಕೈಗೆ ಬಂದವು. ನಮ್ಮ ಮನೆಯದೂ ಅಂಥದ್ದೇ. 1996ರ ಟ್ರ್ಯಾಕ್ಟರ್. ನಮ್ಮ ಮಾವನವರು 2011ರಲ್ಲಿ ಕೊಂಡರು. ಅದಕ್ಕಾಗಿ ಅತ್ತೆಯವರು ಸಂಘದಲ್ಲಿ ಸಾಲ ಎತ್ತಿದರು. ಟ್ರ್ಯಾಕ್ಟರ್ ಗಂಡಸರದು. ಸಾಲದ ಪುಸ್ತಕದಲ್ಲಿ ಹೆಸರು ಮಾತ್ರ ಹೆಂಗಸರದು. ನಿಮ್ಮಲ್ಲಿಯೂ ಹೀಗೇ ಅಲ್ಲೇನ್ರಿ?

2021ರ ಡಿಸೆಂಬರ್ ತಿಂಗಳು. ಕಬ್ಬಿನ ಹಂಗಾಮು ಜೋರಾಗಿತ್ತು. ನಮ್ಮ ಟ್ರ್ಯಾಕ್ಟರ್ ನೀಲಿ ಹೊಗೆ ಬಿಡುತ್ತಿತ್ತು. ಎಂಟು ದಿನಕ್ಕೊಮ್ಮೆ ಒಂದು ಲೀಟರ್ ಆಯಿಲ್ ಕುಡಿಯುತ್ತಿತ್ತು. ಯಾರೋ ನಮ್ಮ ಮೈದುನನಿಗೆ ಹೇಳಿದರು: "ಹಳೇ ಇಂಜಿನ್ ಐತಿ. ದಪ್ಪನ ಆಯಿಲ್ ಹಾಕು. ಹೊಗಿ ನಿಲ್ಲತೈತಿ." ಆತ ಒಂದು ಅಂಗಡಿಗೆ ಹೋದ. ಅಲ್ಲಿ ಬ್ಯಾರೆಲ್ಲಿನಿಂದ ಬಿಡಿ ಆಯಿಲ್ ಅಳೆದು ಕೊಟ್ಟರು. ಬೆಲ್ಲದ ಪಾಕದಂತೆ ದಪ್ಪಗೆ ಇತ್ತು. ಡಬ್ಬಿ ಆಯಿಲ್‌ಗಿಂತ ಲೀಟರಿಗೆ ನೂರು ರೂಪಾಯಿ ಕಡಿಮೆ. ಏಳೂವರೆ ಲೀಟರ್ ತಂದ. ಲೆಕ್ಕ ಮಾಡ್ರಿ. ಉಳಿದದ್ದು 750 ರೂಪಾಯಿ. ಎಲ್ಲರಿಗೂ ಖುಷಿ. ಹೊಗೆಯೂ ಎರಡು ದಿನ ಕಡಿಮೆ ಆಯಿತು.

ಹನ್ನೊಂದನೆಯ ದಿನ ರಾತ್ರಿ ಮುಧೋಳದ ದಾರಿಯಲ್ಲಿ ಇಂಜಿನ್ ಬಿಗಿದು ನಿಂತಿತು. ಮುಂದೆ ಕೆಂಪು ದೀಪ ಹತ್ತಿತ್ತಂತೆ. "ದೀಪದ್ದೇ ಏನೋ ಕೆಟ್ಟೈತಿ" ಅಂತ ಮೈದುನ ಓಡಿಸಿದ. ಹಿಂದೆ ಎರಡು ಟ್ರೇಲರ್ ತುಂಬ ಕಬ್ಬು. ಬೇರೆ ಟ್ರ್ಯಾಕ್ಟರ್ ಸಿಗಲು ಮೂರು ದಿನ ಬೇಕಾಯಿತು. ಕಡಿದ ಕಬ್ಬು ಬಿಸಿಲಿಗೆ ಒಣಗಿದರೆ ತೂಕ ಇಳಿಯುತ್ತದೆ, ನಿಮಗೆ ಗೊತ್ತು. ಕಡಿಯುವ ಗ್ಯಾಂಗಿನವರು ಕೆಲಸವಿಲ್ಲದೆ ಕುಳಿತರು. ಅವರ ಊಟದ ಖರ್ಚು ನಮ್ಮದು. ಇಂಜಿನ್ ಬಿಚ್ಚಿ ಕೆಲಸ ಮಾಡಿಸಿದ್ದಕ್ಕೆ 58 ಸಾವಿರ ರೂಪಾಯಿ ಆಯಿತು. ಅತ್ತೆಯವರ ಎರಡು ಪಾಟಲಿ ಒತ್ತೆ ಹೋದವು.

ಮಿಸ್ತ್ರಿ ಬೇರಿಂಗ್ ಕೈಯಲ್ಲಿಟ್ಟು ತೋರಿಸಿದರು. ನುಣ್ಣಗೆ ಕನ್ನಡಿಯಂತೆ ಇರಬೇಕಾದದ್ದು, ಹೆರಮಣಿಯಿಂದ ಹೆರೆದಂತೆ ಆಗಿತ್ತು. ಅತ್ತೆಯವರು ಒಂದೇ ಮಾತು ಕೇಳಿದರು. "ಆ ಆಯಿಲ್ ಡಬ್ಬಿ ಮ್ಯಾಲ ಏನ ಬರದಿತ್ತು?"

ಡಬ್ಬಿಯೇ ಇರಲಿಲ್ಲ. ಇನ್ನು ಬರೆದದ್ದೆಲ್ಲಿ?

ಮನೆಯಲ್ಲಿ ಸಾಲಿ ಕಲಿಸುವವರು ನಾವಿದ್ದೆವು. ಅಂಗಳದಲ್ಲಿ ಆಯಿಲ್ ಹಾಕುವಾಗ ನಾವು ಅಲ್ಲೇ ನಿಂತಿದ್ದೆವು. ಏನು ಹಾಕುತ್ತೀರಿ ಅಂತ ಒಂದು ಮಾತು ಕೇಳಲಿಲ್ಲ. ಆ ಮಾತು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಆಯಿಲ್ ಮಾಡುವ ಕೆಲಸ ಏನು? ಬೀಸುವ ಕಲ್ಲು ನೆನಪು ಮಾಡಿಕೊಳ್ರಿ. ಎರಡು ಕಲ್ಲಿನ ನಡುವೆ ಜೋಳ ಇದ್ದರೆ ಕಲ್ಲು ಹಗುರ ತಿರುಗುತ್ತದೆ. ಜೋಳ ಮುಗಿದ ಮೇಲೂ ತಿರುವಿದರೆ? ಕಲ್ಲಿಗೆ ಕಲ್ಲು ತಿಕ್ಕಿ ಕಿಡಿ ಹಾರುತ್ತದೆ. ಹಿಟ್ಟಿನಲ್ಲಿ ಹರಳು ಬರುತ್ತದೆ. ಇಂಜಿನ್ನಿನಲ್ಲಿ ಕಬ್ಬಿಣಕ್ಕೆ ಕಬ್ಬಿಣ ಮುಟ್ಟಬಾರದು. ನಡುವೆ ಆಯಿಲ್ಲಿನ ತೆಳು ಪದರು ಇರಬೇಕು. ಕೂದಲಿಗಿಂತ ತೆಳುವಾದ ಪದರು. ಅಷ್ಟೇ ಇಂಜಿನ್ ಉಳಿಸುವುದು.

ಆಯಿಲ್ ಇನ್ನೂ ಕೆಲಸ ಮಾಡುತ್ತದೆ. ಬಿಸಿ ಹೊತ್ತೊಯ್ಯುತ್ತದೆ. ಮಸಿ ತೊಳೆಯುತ್ತದೆ. ಅದಕ್ಕೇ ಡೀಸೆಲ್ ಇಂಜಿನ್ನಿನಲ್ಲಿ ಹೊಸ ಆಯಿಲ್ ಕೆಲವು ದಿನಕ್ಕೇ ಕಪ್ಪಾಗುತ್ತದೆ. ಕಪ್ಪಾಯಿತು ಅಂದರೆ ಕೆಟ್ಟಿತು ಅಂತಲ್ಲ. ಪಾತ್ರೆ ತೊಳೆದ ನೀರು ಕಪ್ಪಾದರೆ ಪಾತ್ರೆ ಬೆಳಗಿತು ಅಂತ ಅಲ್ಲವೇ? ಹಾಗೆ. ಬಣ್ಣ ನೋಡಿ ಆಯಿಲ್ ಆರಿಸಬೇಡಿ. ಬೆರಳಿಗೆ ಹಚ್ಚಿ ಜಿಗುಟು ನೋಡಿಯೂ ಆರಿಸಬೇಡಿ. ನಮ್ಮ ಮೈದುನ ಮಾಡಿದ್ದು ಅದನ್ನೇ.

ಈಗ ಡಬ್ಬಿಗೆ ಬರೋಣ. ಮೇಲೆ ಬಹಳಷ್ಟು ಇಂಗ್ಲಿಷ್ ಅಕ್ಷರ ಇವೆ. ಅಂಜಬೇಡಿ. ನಮಗೆ ಬೇಕಾದದ್ದು ಎರಡೇ ಸಾಲು.

ಮೊದಲನೆಯದು ದೊಡ್ಡದಾಗಿ ಬರೆದ ಅಂಕಿ. ಅಂಕಿ ನಿಮಗೆ ಬರುತ್ತದೆ. ಓದ್ರಿ. 20. ಆಮೇಲೆ ಒಂದು ಅಕ್ಷರ. ಎರಡು ಹಳ್ಳ, ನಡುವೆ ಒಂದು ದಿಬ್ಬ ಇದ್ದ ಹಾಗೆ ಇದೆ. ಅದಕ್ಕೆ ಡಬ್ಲ್ಯೂ ಅನ್ನುತ್ತಾರೆ. ಆಮೇಲೆ 40. ಕೂಡಿಸಿ ಓದಿದರೆ 20ಡಬ್ಲ್ಯೂ-40. ಕೆಲವು ಡಬ್ಬಿಯಲ್ಲಿ 15ಡಬ್ಲ್ಯೂ-40 ಇರುತ್ತದೆ. ಕೆಲವದರಲ್ಲಿ 20ಡಬ್ಲ್ಯೂ-50. ಪಂಪಿನ ಹಳೆ ಡೀಸೆಲ್ ಇಂಜಿನ್ನಿಗೆ ತರುವ ಡಬ್ಬಿಯಲ್ಲಿ ಒಂದೇ ಅಂಕಿ ಇರಬಹುದು. ಬರೀ 30, ಇಲ್ಲವೆ ಬರೀ 40.

ಈ ಅಂಕಿ ಬೆಲೆಯಲ್ಲ. ಲೀಟರ್ ಲೆಕ್ಕವೂ ಅಲ್ಲ. ಆಯಿಲ್ ಎಷ್ಟು ದಪ್ಪ ಎಂಬುದರ ಗುರುತು. ಅಂಕಿ ದೊಡ್ಡದಾದರೆ ಆಯಿಲ್ ದಪ್ಪ.

ಎರಡು ಅಂಕಿ ಯಾಕೆ? ಬೆಲ್ಲದ ಗಾಣಕ್ಕೆ ಹೋದವರು ಹೇಳ್ರಿ. ಮಹಾಲಿಂಗಪುರದ ಕಡೆಯವರು ಇದ್ದೀರಲ್ಲ. ಕೊಪ್ಪರಿಗೆಯಲ್ಲಿ ಕುದಿಯುವಾಗ ಪಾಕ ನೀರಿನಂತೆ ಹರಿಯುತ್ತದೆ. ಆರಿದಂತೆ ದಪ್ಪ ಆಗುತ್ತದೆ. ಆಯಿಲ್ ಕೂಡ ಹಾಗೇ. ತಣ್ಣಗಿದ್ದಾಗ ದಪ್ಪ, ಬಿಸಿಯಾದಾಗ ತೆಳು. ಡಬ್ಲ್ಯೂ ಜೊತೆಗಿರುವ ಮೊದಲ ಅಂಕಿ ಚಳಿಯಲ್ಲಿ ಹೇಗೆ ಹರಿಯುತ್ತದೆ ಅಂತ ಹೇಳುತ್ತದೆ. ಡಬ್ಲ್ಯೂ ಅಂದರೆ ಇಂಗ್ಲಿಷಿನಲ್ಲಿ ಚಳಿಗಾಲ. ಎರಡನೆಯ ಅಂಕಿ ಇಂಜಿನ್ ಕಾದಾಗ, ನೀರು ಕುದಿಯುವಷ್ಟು ಬಿಸಿಯಲ್ಲಿ, ಎಷ್ಟು ದಪ್ಪ ಉಳಿಯುತ್ತದೆ ಅಂತ ಹೇಳುತ್ತದೆ.

ಜಮಖಂಡಿಯಲ್ಲಿ ಹಿಮ ಬೀಳುವುದಿಲ್ಲ. ಹಿಮ ಬೀಳುವ ದೇಶದವರಿಗೆ ಮೊದಲ ಅಂಕಿ ಬಹಳ ಮುಖ್ಯ. ನಮ್ಮ ಚಳಿಗೆ 15 ಇರಲಿ, 20 ಇರಲಿ, ಎರಡೂ ನಡೆಯುತ್ತವೆ. ನಮಗೆ ಮುಖ್ಯವಾದದ್ದು ಎರಡನೆಯ ಅಂಕಿ. ಯಾಕಂದ್ರ ಏಪ್ರಿಲ್ ಬಿಸಿಲಿನಲ್ಲಿ ನೇಗಿಲು ಹೊಡೆಯುವಾಗ, ಎರಡು ಟ್ರೇಲರ್ ಕಬ್ಬು ಎಳೆದು ದಿಬ್ಬ ಏರುವಾಗ ಇಂಜಿನ್ ಬಹಳ ಕಾಯುತ್ತದೆ. ಆಗ ಆಯಿಲ್ ನೀರಾಗಬಾರದು.

ಇನ್ನೊಂದು ಸಾಲು ಚಿಕ್ಕ ಅಕ್ಷರದಲ್ಲಿದೆ. ಹೆಚ್ಚಾಗಿ ಡಬ್ಬಿಯ ಹಿಂದೆ ಇರುತ್ತದೆ. ಎಪಿಐ ಅಂತ ಬರೆದು ಮುಂದೆ ಎರಡು ಅಕ್ಷರ. ಮೊದಲ ಅಕ್ಷರ ನೋಡ್ರಿ. ಬಲಗಡೆ ಒಡೆದ ಬಳೆಯಂತೆ ಇದ್ದರೆ ಅದು 'ಸಿ'. ಡೀಸೆಲ್ ಇಂಜಿನ್ನಿನ ಆಯಿಲ್. ಹಾವು ಹೊರಳಿದಂತೆ ಇದ್ದರೆ ಅದು 'ಎಸ್'. ಪೆಟ್ರೋಲ್ ಇಂಜಿನ್ನಿನದು. ಟ್ರ್ಯಾಕ್ಟರಿಗೆ ಒಡೆದ ಬಳೆ ಬೇಕು. ಎರಡೂ ಬರೆದ ಡಬ್ಬಿಗಳೂ ಇವೆ. ಅವು ಎರಡಕ್ಕೂ ನಡೆಯುತ್ತವೆ.

ಅದರ ಮುಂದಿನ ಅಕ್ಷರ ಆಯಿಲ್ ಯಾವ ಕಾಲದ್ದು ಅಂತ ಹೇಳುತ್ತದೆ. ಸಿಎಫ್-4 ಹಳೆಯದು. ಸಿಎಚ್-4 ಬಂದದ್ದು 1998ರಲ್ಲಿ. ಸಿಐ-4 ಬಂದದ್ದು 2002ರಲ್ಲಿ. ಇಲ್ಲಿ ಬಹಳ ಜನ ತಪ್ಪು ತಿಳಿಯುತ್ತಾರೆ. "ಹಳೆ ಟ್ರ್ಯಾಕ್ಟರಿಗೆ ಹಳೆ ತರದ ಆಯಿಲ್ ಸಾಕು" ಅನ್ನುತ್ತಾರೆ. ಸಾಕಾಗಬಹುದು. ಆದರೆ ಹೊಸ ತರದ್ದು ಮಸಿಯನ್ನು ಚೆನ್ನಾಗಿ ತೊಳೆಯುತ್ತದೆ, ಹೆಚ್ಚು ಬಿಸಿ ತಾಳುತ್ತದೆ. ಹಳೆ ಇಂಜಿನ್ನಿನಲ್ಲಿ ಮಸಿ ಹೆಚ್ಚು. ಅಂಕಿ ಸರಿ ಇದ್ದರೆ, ಪುಸ್ತಕ ಬೇಡ ಅನ್ನದಿದ್ದರೆ, ಹೊಸ ತರದ್ದನ್ನು ಹಳೆ ಇಂಜಿನ್ನಿಗೆ ಧಾರಾಳ ಹಾಕಬಹುದು. ನಮ್ಮ ಮನೆಯಲ್ಲಿ ಈಗ ಸಿಐ-4 ಹಾಕುತ್ತೇವೆ.

ಯಾವ ಪುಸ್ತಕ ಅಂತ ಕೇಳುತ್ತೀರಿ. ಪ್ರತಿ ಟ್ರ್ಯಾಕ್ಟರಿನ ಜೊತೆ ಕಂಪನಿಯವರು ಒಂದು ಪುಸ್ತಕ ಕೊಡುತ್ತಾರೆ. ಯಾವ ಆಯಿಲ್, ಎಷ್ಟು ಲೀಟರ್, ಎಷ್ಟು ಗಂಟೆಗೆ ಬದಲಿಸಬೇಕು, ಎಲ್ಲ ಅದರಲ್ಲಿದೆ. ನಮ್ಮದು ಮೂರನೆಯ ಕೈಯಿಂದ ಬಂದದ್ದು, ಪುಸ್ತಕ ಬಂದಿರಲಿಲ್ಲ. ಷೋರೂಮಿಗೆ ಹೋಗಿ ಕೇಳಿದೆವು. ಝೆರಾಕ್ಸ್ ಕೊಟ್ಟರು. ನಿಮ್ಮಲ್ಲಿ ಎಚ್‌ಎಂಟಿ ಟ್ರ್ಯಾಕ್ಟರ್ ಇದ್ದವರು ಇದ್ದರೆ ಆ ಪುಸ್ತಕ ಜೋಪಾನ ಮಾಡಿರಿ. ಎಚ್‌ಎಂಟಿ ಟ್ರ್ಯಾಕ್ಟರ್ ವಿಭಾಗ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನ ಮಾಡಿತು. ಹೊಸ ಪುಸ್ತಕ ಎಲ್ಲಿಂದ ತರುತ್ತೀರಿ?

ಈಗ ಮುಖ್ಯ ಮಾತು. ಇಂಜಿನ್ ಹಳೆಯದಾದರೆ ದಪ್ಪ ಆಯಿಲ್ ಹಾಕಬೇಕೋ ಬೇಡವೋ?

ಯಾರೋ ಹೇಳಿದ ಮಾತು ಪೂರ್ತಿ ಸುಳ್ಳಲ್ಲ. ಅದೇ ತೊಂದರೆ. ಇಂಜಿನ್ ದುಡಿದಂತೆ ಒಳಗಿನ ರಿಂಗು, ಬೇರಿಂಗು ಸವೆಯುತ್ತವೆ. ಸಂದು ದೊಡ್ಡದಾಗುತ್ತದೆ. ತೆಳು ಆಯಿಲ್ ಆ ಸಂದಿನಿಂದ ಜಾರಿ ಮೇಲೆ ಹೋಗಿ ಡೀಸೆಲ್ ಜೊತೆ ಸುಡುತ್ತದೆ. ಅದೇ ನೀಲಿ ಹೊಗೆ. ಆಯಿಲ್ ಸ್ವಲ್ಪ ದಪ್ಪ ಇದ್ದರೆ ಸಂದಿನಲ್ಲಿ ನಿಲ್ಲುತ್ತದೆ. ಹೊಗೆ ಸ್ವಲ್ಪ ಕಡಿಮೆ ಆಗುತ್ತದೆ.

ಆದರೆ ಸ್ವಲ್ಪ ಅಂದರೆ ಎಷ್ಟು? ಒಂದೇ ಮೆಟ್ಟಿಲು. 20ಡಬ್ಲ್ಯೂ-40 ಹಾಕುವ ಕಡೆ 20ಡಬ್ಲ್ಯೂ-50. ಅದೂ ಪುಸ್ತಕದ ಕೋಷ್ಟಕದಲ್ಲಿ ಆ ಅಂಕಿ ಇದ್ದರೆ, ಇಲ್ಲವೆ ಇಂಜಿನ್ ಕೇಳಿ ನೋಡಿದ ಮಿಸ್ತ್ರಿ ಹೇಳಿದರೆ. ಅದಕ್ಕಿಂತ ದಪ್ಪ ಹಾಕಿದರೆ ಬೇರೆ ಕೇಡು ಬರುತ್ತದೆ. ಇಂಜಿನ್ನಿನ ಒಳಗೆ ಆಯಿಲ್ ಹರಿಯುವ ದಾರಿಗಳು ಬಹಳ ಸಣ್ಣವು. ಮುಂಜಾನೆ ತಣ್ಣಗಿರುವಾಗ ಚಾಲೂ ಮಾಡಿದರೆ ದಪ್ಪ ಆಯಿಲ್ ಮೇಲಿನವರೆಗೆ ಮುಟ್ಟಲು ತಡ ಆಗುತ್ತದೆ. ಅಷ್ಟು ಹೊತ್ತು ಕಬ್ಬಿಣಕ್ಕೆ ಕಬ್ಬಿಣ ತಿಕ್ಕುತ್ತದೆ. ಇಂಜಿನ್ ಬಹಳಷ್ಟು ಸವೆಯುವುದು ಚಾಲೂ ಮಾಡುವ ಆ ಗಳಿಗೆಯಲ್ಲೇ. ಡೀಸೆಲ್ ಕೂಡ ಹೆಚ್ಚು ಹೋಗುತ್ತದೆ.

ನಮ್ಮ ಬಿಡಿ ಆಯಿಲ್ಲಿನ ಕಥೆ ಇನ್ನೂ ಕೆಟ್ಟದ್ದು. ತಣ್ಣಗಿದ್ದಾಗ ದಪ್ಪ ಕಂಡಿತು. ಕಾದಾಗ ಹೇಗಿರುತ್ತದೆ ಅಂತ ಯಾರಿಗೆ ಗೊತ್ತು? ಅದರ ಮೇಲೆ ಎರಡನೆಯ ಅಂಕಿಯೇ ಇರಲಿಲ್ಲ. ಒಮ್ಮೆ ಬಳಸಿ ತೆಗೆದ ಆಯಿಲ್ಲನ್ನೇ ಸೋಸಿ ಮಾರುವವರೂ ಇರುತ್ತಾರೆ. ಕರಿದ ಎಣ್ಣೆಯನ್ನು ಸೋಸಿ ಹೊಸದು ಅಂತ ಕೊಟ್ಟ ಹಾಗೆ.

ದಪ್ಪ ಆಯಿಲ್ ಔಷಧ ಅಲ್ಲ ಅಂತ ಮಿಸ್ತ್ರಿ ಹೇಳಿದರು. ಮುರಿದ ಕಾಲಿಗೆ ಕೋಲು ಇದ್ದ ಹಾಗೆ, ನಾಲ್ಕು ದಿನ ನಡೆಸಬಹುದು. ರಿಂಗು ಸವೆದಿದ್ದರೆ ರಿಂಗು ಹಾಕಿಸಲೇಬೇಕು. ಹಂಗಾಮಿಗೆ ಮೊದಲೇ, ದಸರಾ ಹೊತ್ತಿಗೆ ರಿಂಗು ಹಾಕಿಸಿದ್ದರೆ ನಮಗೆ ಅರ್ಧ ಖರ್ಚಿನಲ್ಲಿ ಮುಗಿಯುತ್ತಿತ್ತು. ಸೀಸೆಯಲ್ಲಿ ಬರುವ "ಹೊಗೆ ನಿಲ್ಲಿಸುವ" ಔಷಧಗಳನ್ನೂ ಕೆಲವರು ಕೊಳ್ಳುತ್ತಾರೆ. ನಮಗೆ ಅದರಲ್ಲಿ ನಂಬಿಕೆ ಇಲ್ಲ. ಆ ದುಡ್ಡಿನಲ್ಲಿ ಒಂದು ಆಯಿಲ್ ಫಿಲ್ಟರ್ ಬರುತ್ತದೆ.

ಹೊರದೇಶದಲ್ಲಿ ಬಹಳ ಓಡಿದ ಕಾರುಗಳಿಗೆ ಅಂತಲೇ ಬೇರೆ ಆಯಿಲ್ ಮಾರುತ್ತಾರೆ. ಅಮೆರಿಕದಲ್ಲಿ 75 ಸಾವಿರ ಮೈಲಿ, ಅಂದರೆ ಸುಮಾರು ಒಂದು ಲಕ್ಷ ಇಪ್ಪತ್ತು ಸಾವಿರ ಕಿಲೋಮೀಟರ್ ದಾಟಿದ ಗಾಡಿಗೆ ಅದು. ಒಣಗಿ ಬಿರುಸಾದ ರಬ್ಬರ್ ಸೀಲುಗಳನ್ನು ಮೆತ್ತಗೆ ಮಾಡುವ ವಸ್ತು ಅದರಲ್ಲಿ ಸೇರಿಸಿರುತ್ತಾರೆ. ಸಣ್ಣ ಸೋರಿಕೆ ಇದ್ದರೆ ಅದು ಉಪಯೋಗ. ಅವರೂ ಸವೆದ ರಿಂಗು ಆಯಿಲ್ಲಿನಿಂದ ಬೆಳೆಯುತ್ತದೆ ಅಂತ ಹೇಳುವುದಿಲ್ಲ.

ಹೊಗೆ ನೋಡುವುದನ್ನೂ ಕಲಿಯಿರಿ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಕಪ್ಪು ಹೊಗೆ ಬೇರೆ, ಅದು ಗಾಳಿ ಸಾಲದ್ದಕ್ಕೆ, ಇಲ್ಲವೆ ಡೀಸೆಲ್ ಹೆಚ್ಚು ಹೋಗುವುದಕ್ಕೆ. ಅದಕ್ಕೆ ಆಯಿಲ್ ಬದಲಿಸಿದರೆ ಏನೂ ಉಪಯೋಗವಿಲ್ಲ. ಗಾಳಿ ಸೋಸುವ ಡಬ್ಬಿ ನೋಡಬೇಕು. ಹಳೆ ಟ್ರ್ಯಾಕ್ಟರಿನಲ್ಲಿ ಆ ಡಬ್ಬಿಯ ಕೆಳಗೆ ಒಂದು ಬಟ್ಟಲು ಇರುತ್ತದೆ. ಬಟ್ಟಲಲ್ಲೂ ಆಯಿಲ್ ಇರುತ್ತದೆ. ದೂಳು ಅದರಲ್ಲಿ ಕೂರುತ್ತದೆ. ನಮ್ಮ ಹೊಲದ ದಾರಿಯ ದೂಳು ನಿಮಗೆ ಗೊತ್ತೇ ಇದೆ, ಮಂಡಿತನಕ. ಬಟ್ಟಲು ಕೆಸರಾಗಿದ್ದರೆ ದೂಳು ನೇರ ಇಂಜಿನ್ನಿಗೆ ಹೋಗುತ್ತದೆ. ಎಷ್ಟೇ ಬೆಲೆಯ ಆಯಿಲ್ ಹಾಕಿದರೂ ರಿಂಗು ಉಳಿಯುವುದಿಲ್ಲ. ಇದನ್ನು ತೊಳೆಯುವುದು ಐದು ನಿಮಿಷದ ಕೆಲಸ. ನಮ್ಮ ಮನೆಯಲ್ಲಿ ಇದನ್ನು ಯಾರೂ ತಿಂಗಳುಗಟ್ಟಲೆ ಬಿಚ್ಚಿರಲಿಲ್ಲ. ನಮ್ಮ ಇಂಜಿನ್ ಸವೆದದ್ದು ಹೇಗೆ ಅಂತ ಆಮೇಲೆ ತಿಳಿಯಿತು.

ಹೊಳೆ ದಂಡೆಯವರಿಗೆ ಇನ್ನೊಂದು ಮಾತು. 2019ರ ಆಗಸ್ಟಿನಲ್ಲಿ ಕೃಷ್ಣೆ ಏರಿತು, ಘಟಪ್ರಭೆಯೂ ಏರಿತು. ಮನೆ ಮುಳುಗಿದವು, ಅಂಗಳದ ಗಾಡಿಗಳೂ ಮುಳುಗಿದವು. ನೀರು ಇಳಿದ ಮೇಲೆ ಒಮ್ಮೆ ಚಾಲೂ ಮಾಡಿ ನೋಡೋಣ ಅನ್ನುವುದು ಎಲ್ಲರ ಆಸೆ. ಹಾಗೆ ಮಾಡಬೇಡಿ. ಮೊದಲು ಆಯಿಲ್ ಕಡ್ಡಿ ಎಳೆದು ನೋಡಿ. ಆಯಿಲ್ ಹಾಲು ಹಾಕಿದ ಚಹಾದಂತೆ ಇದ್ದರೆ ನೀರು ಬೆರೆತಿದೆ. ಚಾಲೂ ಮಾಡಿದರೆ ಇಂಜಿನ್ ಹೋಯಿತು. ಮಿಸ್ತ್ರಿಯನ್ನು ಕರೆದು ಎಲ್ಲ ಆಯಿಲ್ ತೆಗೆಸಿ, ಫಿಲ್ಟರ್ ಬದಲಿಸಿ, ಆಮೇಲೆ ಮುಂದಿನದು. ನೆರೆ ಬರದ ಕಾಲದಲ್ಲೂ ಚಹಾದ ಬಣ್ಣ ಕಂಡರೆ ರೇಡಿಯೇಟರ್ ನೀರು ಒಳಗೆ ಸೋರುತ್ತಿದೆ ಅಂತ ತಿಳಿಯಬೇಕು.

ಆಯಿಲ್ ಕಡ್ಡಿ ಅಂದೆವಲ್ಲ, ಅದನ್ನು ನೋಡುವುದು ಹೇಗೆ? ಮುಂಜಾನೆ ಚಾಲೂ ಮಾಡುವ ಮೊದಲು ನೋಡಬೇಕು. ಟ್ರ್ಯಾಕ್ಟರ್ ಸಪಾಟು ಜಾಗದಲ್ಲಿ ನಿಂತಿರಬೇಕು. ಕಡ್ಡಿ ಎಳೆದು, ಸ್ವಚ್ಛ ಹತ್ತಿ ಅರಿವೆಯಿಂದ ಒರೆಸಿ, ಮತ್ತೆ ಪೂರ್ತಿ ಒಳಗೆ ಇಳಿಸಿ, ಮತ್ತೆ ಎಳೆಯಬೇಕು. ಕಡ್ಡಿಯ ಮೇಲೆ ಎರಡು ಗೆರೆ ಇರುತ್ತವೆ. ಆಯಿಲ್ ಎರಡು ಗೆರೆಯ ನಡುವೆ ಇರಬೇಕು. ಕೆಳಗಿನ ಗೆರೆಗಿಂತ ಕೆಳಗೆ ಇದ್ದರೆ ಟ್ರ್ಯಾಕ್ಟರ್ ಹೊರಗೆ ಹೋಗಬಾರದು. ಮೇಲಿನ ಗೆರೆ ದಾಟಿ ತುಂಬಿಸುವುದೂ ತಪ್ಪು. ನೊರೆ ಏಳುತ್ತದೆ, ಸೀಲಿನಿಂದ ಸೋರುತ್ತದೆ. ಹಾಕದೆಯೇ ಆಯಿಲ್ ಏರಿದ್ದರೆ ಅದು ಲಾಭ ಅಲ್ಲ, ಒಳಗೆ ಡೀಸೆಲ್ ಅಥವಾ ನೀರು ಸೇರುತ್ತಿದೆ.

ಕಮ್ಮಿ ಬಿದ್ದಾಗ ಅದೇ ಕಂಪನಿಯ ಆಯಿಲ್ ಸಿಗದಿದ್ದರೆ? ಅಂಕಿ ಅದೇ ಇರುವ ಬೇರೆ ಕಂಪನಿಯದನ್ನು ಹಾಕಿ. ಕಮ್ಮಿ ಆಯಿಲ್‌ನಲ್ಲಿ ಓಡಿಸುವುದಕ್ಕಿಂತ ಅದು ಎಷ್ಟೋ ಮೇಲು. ಕಂಪನಿ ಹೆಸರಿಗಿಂತ ಅಂಕಿ ದೊಡ್ಡದು.

ಕೆಂಪು ದೀಪದ ಮಾತು ಮರೆಯಬಾರದು. ಮುಂದಿನ ಫಲಕದಲ್ಲಿ ಗಿಂಡಿಯ ಚಿತ್ರ ಇರುತ್ತದೆ. ಗಿಂಡಿಯ ಬಾಯಿಂದ ಒಂದು ಹನಿ ಬೀಳುತ್ತಿರುತ್ತದೆ. ಕೆಲವು ಹಳೆ ಟ್ರ್ಯಾಕ್ಟರಿನಲ್ಲಿ ದೀಪದ ಬದಲು ಮುಳ್ಳು ಇರುತ್ತದೆ. ಚಾಲೂ ಮಾಡಿದ ಮೇಲೂ ಗಿಂಡಿ ದೀಪ ಉರಿಯುತ್ತಿದ್ದರೆ, ಮುಳ್ಳು ಕೆಳಗೆ ಬಿದ್ದರೆ, ಆ ಕ್ಷಣವೇ ಇಂಜಿನ್ ಬಂದ್ ಮಾಡಬೇಕು. ಕಾರ್ಖಾನೆ ಇನ್ನು ಒಂದೇ ಮೈಲಿ ಇದ್ದರೂ ಬಂದ್ ಮಾಡಬೇಕು. ಮನೆಯಲ್ಲಿ ಟ್ರ್ಯಾಕ್ಟರ್ ಓಡಿಸುವ ಮಗನಿಗೆ, ಗಂಡನಿಗೆ, ಮೈದುನನಿಗೆ ಇದನ್ನು ಹೇಳ್ರಿ. ಅವರಿಗೆ ಗೊತ್ತಿರುತ್ತದೆ ಅಂತ ನಾವು ಸುಮ್ಮನಿದ್ದೆವು.

ಬದಲಿಸುವುದು ಯಾವಾಗ? ಟ್ರ್ಯಾಕ್ಟರಿಗೆ ಕಿಲೋಮೀಟರ್ ಲೆಕ್ಕ ಅಲ್ಲ, ಗಂಟೆ ಲೆಕ್ಕ. ಬಹಳ ಪುಸ್ತಕಗಳಲ್ಲಿ 250 ಗಂಟೆ ಅಂತ ಇರುತ್ತದೆ. ಹಳೆಯವುಗಳಲ್ಲಿ ಇನ್ನೂ ಕಡಿಮೆ ಇರಬಹುದು. ನಮ್ಮ ಟ್ರ್ಯಾಕ್ಟರಿನ ಗಂಟೆ ಮೀಟರ್ ಯಾವತ್ತೋ ನಿಂತಿದೆ. ಅದಕ್ಕೆ ನಾವು ವಹಿ ಇಟ್ಟೆವು. ದಿನಾ ರಾತ್ರಿ ಎಷ್ಟು ತಾಸು ಓಡಿತು ಅಂತ ಬರೆಯುವುದು. ಹಂಗಾಮಿನಲ್ಲಿ ದಿನಕ್ಕೆ ಹತ್ತು ತಾಸು ಓಡಿದರೆ 250 ತಾಸು ಎಷ್ಟು ದಿನಕ್ಕೆ ಆಗುತ್ತದೆ? ಹೇಳ್ರಿ. ಹೌದು, ಇಪ್ಪತ್ತೈದು ದಿನ. ಒಂದು ತಿಂಗಳೂ ಇಲ್ಲ. ಹಂಗಾಮಿಗೊಮ್ಮೆ ಬದಲಿಸುವವರು ಎಷ್ಟು ತಡ ಮಾಡುತ್ತಾರೆ ನೋಡ್ರಿ. ಆಯಿಲ್ ಬದಲಿಸುವಾಗ ಫಿಲ್ಟರನ್ನೂ ಬದಲಿಸಬೇಕು. ಹಳೆ ಫಿಲ್ಟರ್ ಬಿಟ್ಟು ಹೊಸ ಆಯಿಲ್ ಹಾಕುವುದು ಜಳಕ ಮಾಡಿ ಹೊಲಸು ಅರಿವೆ ಉಟ್ಟ ಹಾಗೆ.

ಮೋಟಾರ್ ಸೈಕಲ್ಲಿಗೆ ಟ್ರ್ಯಾಕ್ಟರಿನ ಡಬ್ಬಿಯಲ್ಲಿ ಉಳಿದ ಆಯಿಲ್ ಹಾಕುವವರಿದ್ದಾರೆ. ಬೇಡ. ಮೋಟಾರ್ ಸೈಕಲ್ಲಿನ ಕ್ಲಚ್ಚು ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ. ಬೇರೆ ಆಯಿಲ್ ಹಾಕಿದರೆ ಕ್ಲಚ್ಚು ಜಾರಬಹುದು. ಅದರ ಡಬ್ಬಿಯ ಮೇಲೆ ಜಾಸೋ ಎಂಎ ಅಂತ ಬರೆದಿರುತ್ತದೆ. ಹಳೆ ಲೂನಾ, ಟಿವಿಎಸ್ 50 ಇದ್ದವರು ಪೆಟ್ರೋಲಿನಲ್ಲಿ ಬೆರೆಸುವ 2ಟಿ ಆಯಿಲ್ ಕೇಳಿ ತರಬೇಕು. ಟ್ರ್ಯಾಕ್ಟರಿನದೇ ಗೇರು, ಹೈಡ್ರಾಲಿಕ್ಕಿಗೆ ಹಾಕುವ ಆಯಿಲ್ ಕೂಡ ಬೇರೆ. ರಬಕವಿ-ಬನಹಟ್ಟಿಯಲ್ಲಿ ಮಗ್ಗ ನಡೆಸುವವರಿಗೆ ಇದನ್ನು ಹೇಳಬೇಕಿಲ್ಲ. ಯಾವ ಯಂತ್ರಕ್ಕೆ ಯಾವ ಎಣ್ಣೆ ಎಂಬುದು ಅವರಿಗೆ ಗೊತ್ತು.

ಕೊಳ್ಳುವಾಗ ಮುಚ್ಚಳದ ಸೀಲು ನೋಡಿ. ಸೀಲು ಒಡೆದದ್ದು ಬೇಡ. ತಯಾರಿಸಿದ ತಿಂಗಳು, ವರ್ಷ ಓದಿ. ಬಿಲ್ ಕೇಳಿ. "ಬಿಲ್ ಬ್ಯಾಡಂದ್ರ ಇಪ್ಪತ್ತು ರೂಪಾಯಿ ಕಮ್ಮಿ" ಅಂದರೆ ಬಿಲ್ಲೇ ಬೇಕು ಅನ್ನಿ. ಆಯಿಲ್ ಕೆಟ್ಟು ಇಂಜಿನ್ ನಿಂತರೆ ನಿಮ್ಮ ಕೈಯಲ್ಲಿ ಇರುವುದು ಅದೊಂದೇ ಕಾಗದ. ನಮ್ಮ ಕೈಯಲ್ಲಿ ಅದು ಇರಲಿಲ್ಲ.

ಖಾಲಿ ಡಬ್ಬಿಗೆ ಮೊಳೆಯಿಂದ ತೂತು ಮಾಡಿ, ಚೀಟಿ ಹರಿದು ಗುಜರಿಗೆ ಹಾಕಿ. ಗಟ್ಟಿ ಡಬ್ಬಿ ಅಂತ ಮಜ್ಜಿಗೆ, ನೀರು ತುಂಬಿ ಹೊಲಕ್ಕೆ ಒಯ್ಯುವುದನ್ನು ನಾವು ಕಣ್ಣಾರೆ ನೋಡಿದ್ದೇವೆ. ಅದು ಹೊಟ್ಟೆಗೆ ವಿಷ. ಎಷ್ಟು ತೊಳೆದರೂ ಹೋಗುವುದಿಲ್ಲ. ತೂತು ಯಾಕೆ ಅಂದರೆ, ಒಳ್ಳೆ ಡಬ್ಬಿ ಸಿಕ್ಕರೆ ಮೋಸಗಾರರು ಅದರಲ್ಲೇ ಕೆಟ್ಟ ಆಯಿಲ್ ತುಂಬಿ ಮತ್ತೆ ಮಾರುತ್ತಾರೆ.

ತೆಗೆದ ಹಳೆ ಆಯಿಲ್ಲನ್ನು ಕಾಲುವೆಗೆ, ಬಾವಿ ಹತ್ತಿರ ಚೆಲ್ಲಬೇಡಿ. ದನದ ಗಾಯಕ್ಕೆ ಹಚ್ಚಬೇಡಿ. ಅರಿವೆ ಅದ್ದಿ ಒಲೆ ಹೊತ್ತಿಸಬೇಡಿ, ಆ ಹೊಗೆ ನಿಮ್ಮ ಎದೆಗೇ ಹೋಗುವುದು. ಕೈಗೆ ಹತ್ತಿದರೆ ಸಾಬೂನಿನಿಂದ ತೊಳೆಯಿರಿ. ದಿನಾ ಚರ್ಮಕ್ಕೆ ಹತ್ತಿದರೆ ಚರ್ಮಕ್ಕೆ ಕೇಡು. ಕ್ಯಾನಿನಲ್ಲಿ ತುಂಬಿಟ್ಟು ಸರ್ವಿಸ್ ಮಾಡುವ ಗ್ಯಾರೇಜಿಗೆ ಕೊಡಿ. ಅಲ್ಲಿಂದ ಅದನ್ನು ಶುದ್ಧ ಮಾಡುವ ಕಾರ್ಖಾನೆಗೆ ಕಳಿಸುವ ವ್ಯವಸ್ಥೆ ಇರುತ್ತದೆ.

ನಮ್ಮ ಅತ್ತೆಯವರು ಇದೇ ಕೇಂದ್ರದಲ್ಲಿ ಅಕ್ಷರ ಕಲಿತವರು. ಈಗ ಆಯಿಲ್ ಕಡ್ಡಿ ನೋಡುವ ಕೆಲಸ ಅವರದು. ವಹಿ ಕೂಡ ಅವರದೇ. ಮೊದಲ ಹಾಳೆಯಲ್ಲಿ ಅವರು ಬರೆದದ್ದು ಇಷ್ಟು: "ಸೋಮವಾರ. ಕಡ್ಡಿ ನೋಡಿದೆ. ನಡುವೆ ಇತ್ತು. 9 ತಾಸು." ತಾಸು ಅನ್ನುವಲ್ಲಿ ಕೊಂಬು ಬಿಟ್ಟಿದ್ದರು. ಆಮೇಲೆ ತಿದ್ದಿದರು. ಒಂದು ಪಾಟಲಿ ಬಿಡಿಸಿಕೊಂಡು ಬಂದಿದ್ದೇವೆ. ಇನ್ನೊಂದು ಬ್ಯಾಂಕಿನಲ್ಲೇ ಇದೆ.

ಈಗ ಈ ಡಬ್ಬಿ ಒಬ್ಬರಿಂದ ಒಬ್ಬರ ಕೈಗೆ ಹೋಗಲಿ. ಅಂಕಿಯ ಮೇಲೆ ಬೆರಳಿಟ್ಟು ಓದ್ರಿ. ನಾಳೆ ಬರುವಾಗ ಮನೆಯಲ್ಲಿರುವ ಖಾಲಿ ಡಬ್ಬಿ ತನ್ನಿ, ಒರೆಸಿ ತನ್ನಿ. ಡಬ್ಬಿ ಇಲ್ಲದವರು ಟ್ರ್ಯಾಕ್ಟರಿನ ಪುಸ್ತಕ ತನ್ನಿ. ಎರಡೂ ಇಲ್ಲದವರು ಮನೆಯಲ್ಲಿ ಕೇಳಿಕೊಂಡು ಬರ್ರಿ, ಹೋದ ಸಲ ಹಾಕಿದ ಆಯಿಲ್ಲಿನ ಅಂಕಿ ಎಷ್ಟು ಅಂತ. ಯಾರ ಮನೆಯಲ್ಲಿ ಉತ್ತರ ಸಿಗುತ್ತದೆ, ಯಾರ ಮನೆಯಲ್ಲಿ ಸಿಗುವುದಿಲ್ಲ, ನಾಳೆ ಬೋರ್ಡಿನ ಮೇಲೆ ಬರೆಯೋಣ.